ನಡುವೆ ಒಂದು ಖಾಲಿ ಜಾಗ

ಸೊಸೆಗೆ ನಿನ್ನ ಮಾವ ಬರೆಯುವುದೇನೆಂದರೆ,

ಬಾಯಿ ತೆರೆದರೆ ಕೂಗಾಟವಾಗುತ್ತದೆ. ಅದಕ್ಕೇ ಒಂದೇ ಮನೆಯಲ್ಲಿದ್ದರೂ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ನಗಬೇಡ.

ನಿನ್ನ ಫೋಟೋ ಕೆಲಸದ ಕಂಪ್ಯೂಟರಿಗೆ ವೇಗ ಹೆಚ್ಚಲೆಂದು ಹೊಸ ಮೆಮೊರಿ (ರ‍್ಯಾಮ್) ಪಟ್ಟಿ ಎರಡು ತಂದಾಗ, ಒಳಗೆ ನಾಲ್ಕು ಜಾಗವಿದ್ದರೂ "ಜೋಡಿ ಅಂದ್ಮೇಲೆ ಪಕ್ಕಪಕ್ಕ ಇರ್ಬೇಕು ಕಣಮ್ಮ" ಎಂದು ಹಟ ಹಿಡಿದು ಕೂರಿಸಿದವನು ನಾನೇ. ಕಂಪ್ಯೂಟರು ಆಮೆಯಂತೆ ತೆವಳಿತು. ನಿನ್ನೆ ನೀನು ರಿಪೇರಿಯವನಿಗೆ ಫೋನ್ ಮಾಡಿ, ಅವನು ಹೇಳಿದಂತೆ ನಡುವೆ ಒಂದು ಜಾಗ ಖಾಲಿ ಬಿಟ್ಟು ಕೂರಿಸಿ, ಸೆಟ್ಟಿಂಗಿನಲ್ಲಿ ವೇಗ ಏರಿಸಿದೆ. ಪಟ್ಟಿಯ ಮೇಲೆ ಬರೆದಷ್ಟೇ ವೇಗ ಪರದೆಯಲ್ಲಿ ಕಂಡಾಗ "ನೋಡಿ ಮಾವ, ಈಗ ಓಡ್ತಿದೆ!" ಎಂದು ನೀನು ಚಪ್ಪಾಳೆ ತಟ್ಟಿ ನಕ್ಕೆ. ಈ ಮನೆಯಲ್ಲಿ ನೀನು ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಬೇರೆ ಮನೆ ಮಾಡುತ್ತೇವೆ ಎಂದು ನೀವಿಬ್ಬರೂ ಹೇಳಿದಾಗ ನಾನು ತಟ್ಟೆ ತಳ್ಳಿ ಎದ್ದಿದ್ದೆ. ಮಾಡಿಕೊಳ್ಳಿ. ನನ್ನ ಮಗನಿಗೆ ನೀನೇ ಹೇಳು, ಅವನು ಎದುರು ಬಂದರೆ ಮತ್ತೆ ಬೈಯುತ್ತೇನೆ. ಕಂಪ್ಯೂಟರನ್ನು ಸಾಮಾನಿನ ಜೊತೆ ಲಾರಿಗೆ ಹಾಕಬೇಡ, ನನ್ನ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಹೋಗು. ಅದರ ಮೇಜು ನಾನು ಮಾಡಿದ್ದು, ಅದನ್ನೂ ಒಯ್ಯು. ಕಾಲು ಅಲ್ಲಾಡಿದರೆ ಬೇರೆ ಬಡಗಿಯನ್ನು ಕರೆದೀಯ, ಜೋಕೆ!

ಇನ್ನೊಂದೇ ಮಾತು. ಮನೆಯನ್ನು ಊರಾಚೆ ಹುಡುಕಬೇಡಿ. ನಡುವೆ ಒಂದು ಬೀದಿ ಬಿಟ್ಟರೆ ಸಾಕು.

ಇಂತಿ,
ಕೂಗಾಡುವ ನಿನ್ನ ಮಾವ