ಭಾನುವಾರದ ಫೋನಿಗೆ ಮೊದಲು

ಹಮ್ದಾನ್ ಸ್ಟ್ರೀಟ್, ಅಬುಧಾಬಿ
ಫೆಬ್ರವರಿ 2014

ಪ್ರೀತಿಯ ಮಾಂಯ್,

ನಿಮ್ಮ ಮಗನಿಗೆ ಕಾರು ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿದೆ ಎಂದಷ್ಟೇ ಹೇಳಿದ್ದೆ. ಉಳಿದದ್ದನ್ನು ಫೋನಿನಲ್ಲಿ ಹೇಳಲಾಗದೆ, ಊರಿಗೆ ಹೊರಟ ಡೆಲ್ಫಿನ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಸೆಬಾಸ್ಟಿಯನ್‌ರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ನಂಜು ಮೇಲೇರುತ್ತಿತ್ತು, ಅವರಿಗೆ ಪ್ರಜ್ಞೆ ಇರಲಿಲ್ಲ. ಡಾಕ್ಟರು ನನ್ನನ್ನು ಕೇಳಿದರು. ನಾನು ಒಪ್ಪಿದೆ.

ಎಚ್ಚರವಾದ ಮೇಲೆ ಅವರು ನನ್ನ ಮುಖ ನೋಡಲಿಲ್ಲ. ನಾನು ತಂದ ಗಂಜಿಯನ್ನು ನರ್ಸ್ ಕೊಟ್ಟರೆ ಮಾತ್ರ ಕುಡಿಯುತ್ತಿದ್ದರು. ನಿನ್ನೆ ಕೇಳಿದರು, "ನಾನು ಏಳುವವರೆಗೆ ಕಾಯ್ಲಿಕ್ಕೆ ಆಗ್ತಿರ್ಲಿಲ್ವಾ ಮೆಟಿಲ್ಡಾ?"

"ಕಾದಿದ್ರೆ ನೀವು ಏಳ್ತಿರ್ಲಿಲ್ಲ," ಎಂದೆ.

ಆಮೇಲೆ ಸ್ವಲ್ಪ ಸರಿದು, ಮಂಚದಲ್ಲಿ ನನಗೆ ಕೂರಲು ಜಾಗ ಕೊಟ್ಟರು. "ಅಮ್ಮನಿಗೆ ನಾನೇ ಹೇಳ್ತೇನೆ. ನೀನು ಹೇಳ್ಬೇಡ," ಎಂದರು.

ಭಾನುವಾರ ನೀವು ಇಗರ್ಜಿಯಿಂದ ಮನೆಗೆ ಬರುವ ಹೊತ್ತಿಗೆ ಅವರ ಫೋನ್ ಬರುತ್ತದೆ. ದಯವಿಟ್ಟು ಏನೂ ತಿಳಿಯದವರಂತೆ ಕೇಳಿಸಿಕೊಳ್ಳಿ. ಅಳುವುದನ್ನೆಲ್ಲ ಅದಕ್ಕೆ ಮೊದಲೇ ಅತ್ತುಬಿಡಿ, ಮಾಂಯ್. ನಾನೂ ಹಾಗೇ ಮಾಡುತ್ತೇನೆ. ಬಸ್ಸಿಳಿದವಳು ವಾರ್ಡಿಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಹೊರಗೇ ನಿಲ್ಲುತ್ತೇನೆ.

ನಿಮ್ಮ ಸೊಸೆ,
ಮೆಟಿಲ್ಡಾ