ಹೊಂಡದ ದಡದಲ್ಲಿ ಹತ್ತಿದ ನಿದ್ದೆ

ಚನ್ನಗಿರಿ, ೧೪-೨-೧೯೪೬

ಅಕ್ಕಾ,

ಬೆಳಗಿನ ಜಾವ ನಾಲ್ಕೂವರೆ. ದಾವಣಗೆರೆ ಬಸ್ಸಿನ ಹಾರನ್ನಿಗೆ ಎಚ್ಚರವಾಯಿತು, ಮಗುವಿನ ಅಳುವಿಗಲ್ಲ! ಈ ಊರಿಗೆ ಬಂದ ಮೂರು ವಾರದಲ್ಲಿ ಇದೇ ಮೊದಲು.

ನಿನ್ನೆ ಸಂತೇಬೆನ್ನೂರಿನ ಹೊಂಡ ನೋಡಿ ಬಂದೆವು. ನೀನೂ ನೋಡಲೇಬೇಕು. ಸುತ್ತ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ಮಂಟಪ. ದಡದಲ್ಲಿ ದಾರಿಹೋಕರು ತಂಗುವ ಮುಸಾಫಿರಖಾನೆಯಲ್ಲಿ ಕುಳಿತರೆ ನೀರಿಗೆ ಬಿದ್ದ ಬಿಸಿಲು ಮೇಲಿನ ಕಮಾನಿನ ತುಂಬ ಕುಣಿಯುತ್ತದೆ. ಚೀರುತ್ತಿದ್ದ ನನ್ನ ಮಗ ಅದನ್ನೇ ನೋಡುತ್ತ ನೋಡುತ್ತ ನಿದ್ದೆಹೋದ. ನೀರಿಗೆ ಬಂದಿದ್ದ ಅಜ್ಜಮ್ಮ ಎಂಬ ಮುದುಕಿ ನನ್ನ ಊರು, ಓದು ಎಲ್ಲ ವಿಚಾರಿಸಿಕೊಂಡು, "ಬಿ.ಎ. ಓದೀರಂತೆ, ಕೂಸು ಮಲಗಿಸಾಕೆ ಹೊಂಡಕ್ಕೆ ಬರ್ಬೇಕಾತೇನ್ರವ್ವಾ?" ಎಂದು ನಕ್ಕಳು. ನಾನೂ ನಕ್ಕೆ.

ಮನೆಗೆ ಬಂದು ರಾತ್ರಿ ಎಂಟಕ್ಕೆ ಹಾಲು ಕುಡಿದು ಮಲಗಿದವನು ಇನ್ನೂ ಎದ್ದಿಲ್ಲ. ಮೈ ಬಿಸಿಯಿಲ್ಲ. ಮೂಗಿಗೆ ಬೆರಳಿಟ್ಟು ಆರು ಸಲ ನೋಡಿದೆ, ಉಸಿರು ಸರಿಯಾಗಿದೆ. ಇವರು, "ನೀನೂ ಸುಮ್ಮನೆ ಮಲಗೇ" ಎಂದು ಮಗ್ಗುಲಾದರು.

ನಾಲ್ಕು ಮಕ್ಕಳನ್ನು ಸಾಕಿದವಳು ನೀನು. ಐದು ತಿಂಗಳ ಕೂಸು ಎಂಟೂವರೆ ಗಂಟೆ ಹಾಲಿಲ್ಲದೆ ಮಲಗಬಹುದೇ? ಈ ಕಾರ್ಡು ನಿನಗೆ ಸಿಗುವುದು ನಾಡಿದ್ದು ಎಂದು ಗೊತ್ತು. ಆದರೂ ಬೆಳಗಾಗುವುದರೊಳಗೆ ನಮ್ಮ ಎದುರಿನ ಅಡಿಕೆ ಮಂಡಿಗೆ ಟೆಲಿಫೋನು ಮಾಡಿ ಹೇಳಿಬಿಡೇ ಅಕ್ಕಾ, ಎಬ್ಬಿಸಲೋ ಬೇಡವೋ?

ನಿನ್ನ ಗೌರಾಂಬ