ಬೋಲ್ಟು ಬಿಚ್ಚಿದ ಆಯುಧಪೂಜೆ

ಕವಲಂದೆ
ಡಿಸೆಂಬರ್ ೨೦೦೭

ಪ್ರೀತಿಯ ಅಮೃತೇಶ,

ನಿಮ್ಮ ತಿ. ನರಸೀಪುರದ ಕಡೆ ಈಗ ಎಲ್ಲರೂ ನಿನ್ನನ್ನು ಲೀಡರು ಅನ್ನುತ್ತಾರಂತೆ. ನನ್ನ ಬಾಯಿಗೆ ಅದು ಬರುವುದಿಲ್ಲ. ಒಂದೇ ಮಿಲ್ಲಿನಲ್ಲಿ, ಒಂದೇ ಪಾಳಿಯಲ್ಲಿ ಬೆವರು ಸುರಿಸಿದವನನ್ನು ನೀನು ಅಂತಲೇ ಕರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಮೊನ್ನೆ ಕಾರು ಕಳಿಸಿ ನೀನು ಹೇಳಿಸಿದ್ದು ತಲುಪಿತು. ಭಾನುವಾರ ನಂಜನಗೂಡಿನಲ್ಲಿ ಸಭೆ. ನಮ್ಮ ನೂಲಿನ ಮಿಲ್ಲು ಮುಚ್ಚಿದ ಕತೆಯನ್ನು ನಾನು ವೇದಿಕೆ ಮೇಲೆ ಹೇಳಬೇಕು, ಜನ ಅಳುವ ಹಾಗೆ ಹೇಳಬೇಕು. ಆಮೇಲೆ ಮೆರವಣಿಗೆ. ಎಲ್ಲಿಗೆ ಮೆರವಣಿಗೆ ಎಂದರೆ ನಿನ್ನ ಕಡೆಯವನು, "ಅದೆಲ್ಲಾ ಆಮೇಲ್ ನೋಡ್ಕಳಣ ಬುಡಣ್ಣ" ಎಂದು ಮಾತು ತೇಲಿಸಿದ. ನನಗೆ ಅದು ಸರಿಬರಲಿಲ್ಲ. ನಮ್ಮ ಜೊತೆ ಕೆಲಸ ಮಾಡಿದ ಕಲ್ಲಯ್ಯನನ್ನು ಕೇಳಿದೆ. ಅವನ ಹತ್ತಿರ ಮುಚ್ಚುಮರೆ ಇಲ್ಲ. "ಒರಿಸ್ಸಾದವ್ರು ಬಾಡಿಗೆಗ್ ಅವ್ರಲ್ಲಾ, ಆ ವಠಾರಕ್ಕೆ ಕಣ್ಲಾ. ಪಾತ್ರೆ ಪಗಡ ಆಚೆಗ್ ಎಸ್ದು ಬಸ್ ಅತ್ಸೋದು. ನಮ್ಮ ಅನ್ನ ಕಿತ್ಕಂಡೋರು ಅವ್ರೇ ಅಂತ ಅಮೃತೇಶ ಯೋಳವ್ನೆ" ಎಂದ.

ಅಮೃತೇಶ, ನಾವು ಬೀದಿಗೆ ಬಿದ್ದದ್ದು ತೊಂಬತ್ತೆಂಟರಲ್ಲಿ. ಆ ಹುಡುಗರು ನಂಜನಗೂಡಿಗೆ ಕೂಲಿಗೆ ಬಂದದ್ದು ಈಚೆಗೆ, ಮಿಲ್ಲಿನ ಜಾಗದಲ್ಲಿ ದೊಡ್ಡ ಗೋಡೌನು ಎದ್ದ ಮೇಲೆ. ತಮ್ಮೂರಿನ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದ ಕಾಲದಲ್ಲೇ ಅವರು ನಂಜನಗೂಡಿನಲ್ಲಿ ನಮ್ಮ ಅನ್ನ ಕಿತ್ತುಕೊಂಡದ್ದು ಹೇಗೆ? ಸುಳ್ಳು ಕತೆಗೂ ಹಿಂದುಮುಂದು ಬೇಕಪ್ಪ. ರಾಜಕುಮಾರ ಹುಟ್ಟುವ ಮೊದಲೇ ರಾಕ್ಷಸನನ್ನು ಕೊಂದ ಅಂದರೆ ನಮ್ಮೂರ ಅಜ್ಜಿಯರು ಕತೆಯ ಮಧ್ಯದಲ್ಲೇ ಎದ್ದು ಹೋಗುತ್ತಾರೆ.

ನಡೆದದ್ದನ್ನು ನಡೆದ ಹಾಗೆ ನೆನಪು ಮಾಡಿಕೊಳ್ಳೋಣ.

ಆಯುಧಪೂಜೆಗೆ ಮಿಷನ್ನು ಒರೆಸುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಹತ್ತಿಯ ಧೂಳು ಊದಿ, ಎಣ್ಣೆ ಬಿಟ್ಟು, ವಿಭೂತಿ ಬಳಿದು, ಬೂದುಗುಂಬಳ ಒಡೆದರೆ ಮುಗಿಯಿತು. ಆ ವರ್ಷ ಯೂನಿಯನ್ ಕಾರ್ಯದರ್ಶಿಯಾಗಿದ್ದ ನೀನು ಗೇಟಿನ ಹತ್ತಿರ ಸ್ಟೂಲು ಹತ್ತಿ ನಿಂತೆ. "ಮಿಲ್ಲಿಗೆ ಗಾಚಾರ ಬಡ್ದದೆ ಕಣ್ರಪ್ಪ. ಈ ಸಲ ಮೇಲ್ಮೇಲ್ ಒರ್ಸಿದ್ರೆ ಆಗಕಿಲ್ಲ. ಬುಡದ್ ಬೋಲ್ಟ್ ಬಿಚ್ಚಿ, ಅಡೀಲಿರೋ ಕೊಳೆನೆಲ್ಲಾ ತೆಗೀರಿ" ಅಂದೆ. ನಾವು ನಂಬಿದೆವು. ನೆಲಕ್ಕೆ ಬಿಗಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿಚ್ಚಿದೆವು. ನೂಲು ಸುತ್ತುವ ಕದಿರುಗಳನ್ನು ಕಿತ್ತು, ತೊಳೆದು, ಬಟ್ಟೆಯಲ್ಲಿ ಸುತ್ತಿಟ್ಟೆವು. ರುದ್ರಾಣಿ ಮನೆಯಿಂದ ರವಿಕೆಕಣ ತಂದು ತಾನು ನಡೆಸುತ್ತಿದ್ದ ಮಿಷನ್ನಿಗೆ ಹೊದಿಸಿದಳು. ಅದನ್ನು ನೋಡಿ ಕಲ್ಲಯ್ಯ, "ಏನ್ಲಾ ಅಮೃತೇಶ, ಎಣ್ಣೆ ಎರ್ದು, ಬಟ್ಟೆ ಉಡ್ಸಿ, ಮಿಷನ್ನ ಗಂಡನ್ ಮನೆಗ್ ಕಳುಸ್ತಿದ್ದೀಯೇನ್ಲಾ?" ಎಂದು ಕೂಗಿದ. ಇಡೀ ಶೆಡ್ಡು ಬಿದ್ದು ಬಿದ್ದು ನಕ್ಕಿತು. ನೀನು ನಗಲಿಲ್ಲ. ಪೂಜೆಗೆ ಹೊತ್ತಾಯಿತು ಎಂದು ಹೊರಗೆ ನಡೆದೆ.

ಹಬ್ಬದ ರಜೆ ಮುಗಿಸಿ ಬಂದರೆ ಗೇಟಿಗೆ ಬೀಗ. ಮಿಷನ್ನುಗಳು ಲಾರಿ ಹತ್ತಿ ತಮಿಳುನಾಡಿನ ಕಡೆ ಹೊರಟುಹೋಗಿದ್ದವು. ಕೂಲಿಯವರನ್ನು ಕರೆಸಿದರೆ ವಾರಗಟ್ಟಲೆ ಹಿಡಿಯುವ ಕೆಲಸವನ್ನು ನಾವೇ ಕುಂಕುಮ ಇಟ್ಟು ಮಾಡಿಕೊಟ್ಟಿದ್ದೆವು.

ಅವತ್ತು ನೀನೂ ಎದೆ ಬಡಿದುಕೊಂಡೆ. ನಿನ್ನ ಹೆಗಲಿಗೆ ತಲೆಯಿಟ್ಟು ನಾವೂ ಅತ್ತೆವು. ಆಗ ನನಗೆ ಯಾವ ಅನುಮಾನವೂ ಬರಲಿಲ್ಲ. ಅದು ನಿಧಾನಕ್ಕೆ ಬಂತು. ಅಷ್ಟು ಜನರಿರುವ ಮಿಲ್ಲು ಮುಚ್ಚಲು ಸರ್ಕಾರದ ಒಪ್ಪಿಗೆ ಬೇಕು ಎಂದು ನಮಗೆ ಪಾಠ ಹೇಳಿದವನು ನೀನೇ ಅಲ್ಲವೆ? ಒಪ್ಪಿಗೆ ಕೊಟ್ಟವರು ಯಾರು? ಕೊಡದಿದ್ದರೆ, ಲಾರಿಗಳನ್ನು ತಡೆಯದೆ ಸುಮ್ಮನಿದ್ದವರು ಯಾರು? ವೋಟು ಕೇಳುವಾಗ ನಮ್ಮ ಗೇಟಿನಲ್ಲಿ ಟೀ ಕುಡಿದು, ಗೆದ್ದ ಮೇಲೆ ಅತ್ತ ತಲೆ ಹಾಕದ ದೊಡ್ಡವರು ಈಗ ನಿನ್ನ ಪೋಸ್ಟರಿನಲ್ಲಿ, ನಿನ್ನ ಪಕ್ಕದಲ್ಲೇ ಕೈಮುಗಿದು ನಿಂತಿದ್ದಾರೆ. ನಿನ್ನ ಭಾಷಣದಲ್ಲಿ ಒರಿಸ್ಸಾ ಬರುತ್ತದೆ, ಅವರ ಹೆಸರು ಮಾತ್ರ ಬರುವುದಿಲ್ಲ. ಯಾಕೆ?

ಸಿಟ್ಟು ನನಗೂ ಇದೆ. ನೂಲು ಹರಿದರೆ ಮಿಷನ್ನು ನಿಲ್ಲಿಸದೆ ಜೋಡಿಸುತ್ತಿದ್ದ ಕಲ್ಲಯ್ಯ ಈಗ ಸಂತೆಯಲ್ಲಿ ಮೂಟೆ ಇಳಿಸುತ್ತಾನೆ. ಅವನ ಹೊಟ್ಟೆಯ ಉರಿ ನಿಜ. ಅದನ್ನು ನೀನು ಯಾರ ಬಾಗಿಲಿಗೆ ತಿರುಗಿಸುತ್ತಿದ್ದೀಯ, ಯಾರ ಬಾಗಿಲಿನಿಂದ ತಪ್ಪಿಸುತ್ತಿದ್ದೀಯ ಅನ್ನುವುದೇ ನನ್ನ ಅನುಮಾನ.

ರುದ್ರಾಣಿ ಆ ವಠಾರದ ಮುಂದೆ ಮೆಸ್ ನಡೆಸುತ್ತಿರುವುದು ನಿನಗೆ ಗೊತ್ತು. ಆ ಹುಡುಗರು ಉಂಡರೆ ಅವಳ ಮನೆ ನಡೆಯುತ್ತದೆ. ಹೋದ ವಾರ ನಿನ್ನ ಕಡೆಯವರು ಬಂದು ಅವಳ ಅನ್ನದ ತಪ್ಪಲೆ ಒದ್ದರು. ನಾನು ಹೋದಾಗ ಚೆಲ್ಲಿದ್ದನ್ನು ಬಳಿದು ಹಸುವಿನ ಮುಂದೆ ಹಾಕುತ್ತಿದ್ದಳು. "ಒದ್ದೋರು ಬ್ಯಾರೆಯೋರಲ್ಲ ಕಣಣ್ಣ, ನಮ್ ಮಿಲ್ನೋರೇ" ಅಂದಳು.

ಭಾನುವಾರ ನಾನು ನಿನ್ನ ವೇದಿಕೆಗೆ ಬರುವುದಿಲ್ಲ. ಆ ಮೆಸ್ಸಿನ ಬಾಗಿಲಲ್ಲಿ ಕೂತಿರುತ್ತೇನೆ. ನಿಮ್ಮ ಮೆರವಣಿಗೆ ನನ್ನನ್ನು ದಾಟಿಯೇ ವಠಾರದ ಒಳಗೆ ಹೋಗಬೇಕು.

ಇದನ್ನೆಲ್ಲ ಕಲ್ಲಯ್ಯನಿಗೆ ಇನ್ನೂ ಹೇಳಿಲ್ಲ. ಮೊದಲು ನಿನ್ನನ್ನು ಕೇಳಬೇಕು ಅನ್ನಿಸಿತು. ಬೋಲ್ಟು ಬಿಚ್ಚಿಸಲು ಮಿಲ್ಲಿನ ಮ್ಯಾನೇಜರು ಹೇಳಿಕೊಟ್ಟದ್ದನ್ನು ನೀನೂ ನಂಬಿ ಮೋಸಹೋಗಿದ್ದಿರಬಹುದು. ಹಾಗಿದ್ದರೆ ಶನಿವಾರ ಕವಲಂದೆಗೆ ಬಸ್ಸಿನಲ್ಲಿ ಒಬ್ಬನೇ ಬಾ. "ನಂಗೂ ಗೊತ್ತಿರ್ನಿಲ್ಲ ಕಣ್ಲಾ" ಅಂತ ನನ್ನ ಮುಖ ನೋಡಿ ಹೇಳು. ನಂಬುತ್ತೇನೆ. ನಂಬಬೇಕು ಅಂತ ನನಗೂ ಆಸೆ ಇದೆ. ಬರದೆ, ಭಾನುವಾರ ಮೆರವಣಿಗೆಯ ಮುಂದೆ ಹಾರ ಹಾಕಿಸಿಕೊಂಡು ಬಂದರೆ, ಅದೇ ನಿನ್ನ ಉತ್ತರ ಅಂದುಕೊಳ್ಳುತ್ತೇನೆ. ಆಗ ನಿನ್ನ ಪಕ್ಕದಲ್ಲಿ ಬಾವುಟ ಹಿಡಿದಿರುವ ಕಲ್ಲಯ್ಯನನ್ನು ಅಲ್ಲೇ, ಎಲ್ಲರ ಮುಂದೆ ಹತ್ತಿರಕ್ಕೆ ಕರೆದು, ಅವತ್ತು ಬೋಲ್ಟು ಬಿಚ್ಚಿಸಿದವನು ಯಾರೆಂದು ಕೇಳುತ್ತೇನೆ.

ನಂಜುಂಡೇಶ್ವರ ನಿನ್ನ ಮನೆಮಂದಿಯನ್ನೆಲ್ಲ ತಣ್ಣಗಿಟ್ಟಿರಲಿ. ಶನಿವಾರ ಕೊನೆಯ ಬಸ್ಸಿನವರೆಗೂ ಸ್ಟ್ಯಾಂಡಿನಲ್ಲೇ ಇರುತ್ತೇನೆ.

ನಿನ್ನ,
ಗಂಗಾಧರಸ್ವಾಮಿ